ಬಿಸಿಲೂರಿನ ಕಂಬಳಿ

ಪುತ್ತೂರಿನಿಂದ ಏಳನೇ ತರಗತಿಯ ಓದುಗಳೊಬ್ಬಳು ಪತ್ರ ಬರೆದಿದ್ದಾಳೆ. ಅಕ್ಷರ ದುಂಡಗಿದೆ, ಪ್ರಶ್ನೆ ಚೂಪಾಗಿದೆ. "ತಾತ, ನಮ್ಮ ರಾಜ್ಯದಲ್ಲಿ ತುಂಬ ಕಡಿಮೆ ಮಳೆ ಬೀಳುವ ತಾಲ್ಲೂಕು ಚಳ್ಳಕೆರೆ, ಅಲ್ಲಿ ಬಿಸಿಲು ಜಾಸ್ತಿ ಅಂತ ಟೀಚರ್ ಹೇಳಿದರು. ಆದರೆ ನಮ್ಮಪ್ಪ ಅಲ್ಲಿಗೆ ಹೋಗಿದ್ದಾಗ ತಂದದ್ದು ಕಂಬಳಿ! ಬಿಸಿಲಿನ ಊರಿನವರು ಕಂಬಳಿ ಯಾಕೆ ನೇಯುತ್ತಾರೆ? ಬೇರೆಯವರಿಗೆ ಮಾರುವುದಕ್ಕಾ?"

ಮಾರುವುದಕ್ಕೂ ಹೌದು ಮಗು, ಹೊದೆಯುವುದಕ್ಕೂ ಹೌದು. ಇದನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ಬ್ಯಾಂಕಿನ ಕೆಲಸದಲ್ಲಿ ಚಿತ್ರದುರ್ಗ ಜಿಲ್ಲೆಯ ಆ ಸೀಮೆಯಲ್ಲಿ ನಾಲ್ಕು ವರ್ಷ ಇದ್ದೆ. ಮಧ್ಯಾಹ್ನ ಕೌಂಟರಿನ ಹಿಂದೆ ಬೆವರು ಒರೆಸಿಕೊಳ್ಳುತ್ತ ನೋಟು ಎಣಿಸಿದ ಕೈಯೇ ಬೆಳಗಿನ ಜಾವ ಕಂಬಳಿಯನ್ನು ಕತ್ತಿನವರೆಗೆ ಎಳೆದುಕೊಳ್ಳುತ್ತಿತ್ತು. ಏಪ್ರಿಲ್ ತಿಂಗಳ ಹಗಲಿನಲ್ಲಿ ಅಲ್ಲಿ 38, 39 ಡಿಗ್ರಿ ಆಗುವುದು ಹೊಸದೇನಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಜಾವದಲ್ಲಿ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಅದೇ ಜನವರಿಯಲ್ಲಿ ನಿಮ್ಮ ಮಂಗಳೂರಿನ ರಾತ್ರಿ ಸಾಮಾನ್ಯವಾಗಿ 20ರ ಮೇಲೆಯೇ ನಿಂತಿರುತ್ತದೆ. ಚಳ್ಳಕೆರೆ ಸಮುದ್ರಮಟ್ಟದಿಂದ ಸುಮಾರು 585 ಮೀಟರ್ ಎತ್ತರದಲ್ಲಿರುವುದೂ ಇದಕ್ಕೆ ಸ್ವಲ್ಪ ಕಾರಣ. ದೊಡ್ಡ ಕಾರಣ ಬೇರೆ ಇದೆ: ಸಮುದ್ರ ದೂರ.

ಎಷ್ಟು ದೂರ? ಭೂಪಟ ತೆಗೆದು ನೇರ ಗೆರೆ ಎಳೆಯಿರಿ. ಪಶ್ಚಿಮಕ್ಕೆ ಹೊನ್ನಾವರದ ಕಡಲು ಸುಮಾರು 240 ಕಿಲೋಮೀಟರ್. ಪೂರ್ವಕ್ಕೆ ನೆಲ್ಲೂರಿನ ಕಡಲು ಸುಮಾರು 370 ಕಿಲೋಮೀಟರ್. ಎರಡು ಸಮುದ್ರಗಳ ನಡುವೆ ಇದ್ದೂ ಎರಡಕ್ಕೂ ಸೇರದ ನೆಲ.

ಸಮುದ್ರ ದೂರವಾದರೆ ರಾತ್ರಿ ಚಳಿ ಯಾಕಾಗಬೇಕು? ಇದನ್ನು ನೀವು ಮನೆಯಲ್ಲೇ ನೋಡಬಹುದು. ಒಂದೇ ಅಳತೆಯ ಎರಡು ಸ್ಟೀಲ್ ಬಟ್ಟಲು ತೆಗೆದುಕೊಳ್ಳಿ. ಒಂದಕ್ಕೆ ಒಣ ಮರಳು, ಇನ್ನೊಂದಕ್ಕೆ ನೀರು ತುಂಬಿ. ಹನ್ನೊಂದು ಗಂಟೆಗೆ ಬಿಸಿಲಿಗಿಟ್ಟು ಒಂದು ಗಂಟೆಗೆ ಬೆರಳಿಟ್ಟು ನೋಡಿ. ಮರಳು ಚುರುಕ್ ಎನ್ನುತ್ತದೆ, ನೀರು ಬರೀ ಉಗುರುಬೆಚ್ಚಗಿರುತ್ತದೆ. ಅವನ್ನೇ ನೆರಳಿಗೆ ತಂದಿಟ್ಟು ಸಂಜೆ ಮತ್ತೆ ಮುಟ್ಟಿ. ಮರಳು ಆಗಲೇ ತಣ್ಣಗಾಗಿರುತ್ತದೆ, ನೀರಿನಲ್ಲಿ ಇನ್ನೂ ಬಿಸಿಯ ನೆನಪಿರುತ್ತದೆ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಾಖದಲ್ಲಿ ಐದು ಕಿಲೋ ಒಣ ಮರಳನ್ನು ಹೆಚ್ಚುಕಡಿಮೆ ಅಷ್ಟೇ ಬಿಸಿ ಮಾಡಬಹುದು. ಸಮುದ್ರ ಹಗಲಿನ ಬಿಸಿಯನ್ನು ನಿಧಾನವಾಗಿ ಒಳಗೆ ತೆಗೆದುಕೊಂಡು ರಾತ್ರಿ ನಿಧಾನವಾಗಿ ಬಿಡುತ್ತದೆ. ಚಳ್ಳಕೆರೆಯ ಕೆಂಪು ನೆಲ ಬಂದದ್ದನ್ನು ಬಂದ ಕೂಡಲೇ ಖರ್ಚು ಮಾಡುವ ಕೈ. ಜೊತೆಗೆ ಕರಾವಳಿಯ ಗಾಳಿಯಲ್ಲಿ ತೇವ ಇರುತ್ತದೆ. ಆ ತೇವ ನೆಲದ ಬಿಸಿ ಆಕಾಶಕ್ಕೆ ಹಾರಿಹೋಗದಂತೆ ತಡೆಯುತ್ತದೆ. ಒಣ ಗಾಳಿ ತಡೆಯುವುದಿಲ್ಲ. ನಿಮಗೆ ಗಾಳಿಯೇ ಕಂಬಳಿ, ಚಳ್ಳಕೆರೆಯವರು ತಾವೇ ನೇಯ್ದುಕೊಳ್ಳಬೇಕು.

ನೇಯುವುದನ್ನೂ ಹೇಳಿಬಿಡುತ್ತೇನೆ, ಅದಕ್ಕೂ ಹವೆಗೂ ಸಂಬಂಧವಿದೆ. ಒಣ ಹುಲ್ಲಿನ ನಾಡಾದ್ದರಿಂದ ಅಲ್ಲಿ ಕುರಿ ಹೆಚ್ಚು. ಕುರಿಯ ಉಣ್ಣೆಯನ್ನು ಹೆಂಗಸರು ನೂಲುತ್ತಾರೆ, ಗಂಡಸರು ಗುಂಡಿಮಗ್ಗದಲ್ಲಿ ಕುಳಿತು ನೇಯುತ್ತಾರೆ. ನೂಲಿಗೆ ಹುಣಸೆ ಬೀಜದ ಗಂಜಿ ತಿನ್ನಿಸುತ್ತಾರೆ. ಹೊಸ ಕಂಬಳಿ ಅಷ್ಟು ಬಿರುಸಾಗಿರುವುದು ಅದರಿಂದಲೇ, ನಿಮ್ಮ ತಂದೆ ತಂದದ್ದೂ ಮೊದಮೊದಲು ಚುಚ್ಚಿರಬೇಕು. ಆ ಬಿರುಸು ಕುರಿಗಾಹಿಗೆ ಬೇಕು. ಬಯಲಿನಲ್ಲಿ ಹಠಾತ್ತನೆ ಮಳೆ ಹಿಡಿದರೆ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಳ್ಳುತ್ತಾನೆ. ನೀರು ಮೇಲಿಂದಲೇ ಜಾರಿಹೋಗುತ್ತದೆ. ಒಂದೇ ವಸ್ತು ಚಳಿಗೆ ಹೊದಿಕೆ, ಮಳೆಗೆ ಛತ್ರಿ, ಮಧ್ಯಾಹ್ನ ಜಾಲಿಯ ನೆರಳಿನಲ್ಲಿ ಹಾಸಿಗೆ.

ಮಳೆ ಎಂದೆನಲ್ಲ, ಈಗ ಆ ವಿಷಯಕ್ಕೆ ಬರೋಣ. ಯಾಕೆಂದರೆ ಕಂಬಳಿಯ ಪ್ರಶ್ನೆ ಬಂದ ವಾರವೇ ನನ್ನ ಅಕ್ಕನ ಮಗನ ಫೋನೂ ಬಂದಿತ್ತು, ಅವನದು ಅಡಿಕೆಯ ಮಾತು. ಅದನ್ನು ಆಮೇಲೆ ಹೇಳುತ್ತೇನೆ.

ಚಳ್ಳಕೆರೆಗೆ ವರ್ಷಕ್ಕೆ ಬೀಳುವ ಮಳೆ ಸರಾಸರಿ ಸುಮಾರು 450 ಮಿಲಿಮೀಟರ್. ಅದೇ ಜಿಲ್ಲೆಯ ಹೊಳಲ್ಕೆರೆ ಸ್ವಲ್ಪ ಪಶ್ಚಿಮಕ್ಕಿದೆ, ಅಲ್ಲಿ 600 ದಾಟುತ್ತದೆ. ಆಗುಂಬೆಯಲ್ಲಿ 7,000ಕ್ಕೂ ಹೆಚ್ಚು. ಆಗುಂಬೆಯಿಂದ ಚಳ್ಳಕೆರೆಗೆ ನೇರ ಗೆರೆ ಎಳೆದರೆ 200 ಕಿಲೋಮೀಟರ್ ಕೂಡ ಇಲ್ಲ. ಅಷ್ಟರೊಳಗೆ ಮಳೆ ಹದಿನೈದರಲ್ಲಿ ಒಂದು ಪಾಲಾಗುತ್ತದೆ.

ಮಧ್ಯೆ ನಿಂತಿರುವುದು ಪಶ್ಚಿಮ ಘಟ್ಟ. ಜೂನ್‌ನಲ್ಲಿ ಅರಬ್ಬಿ ಸಮುದ್ರದಿಂದ ಹೊರಟ ಗಾಳಿ ತೇವ ಹೊತ್ತು ಬಂದು ಘಟ್ಟಕ್ಕೆ ಡಿಕ್ಕಿ ಹೊಡೆಯುತ್ತದೆ. ಮುಂದೆ ಹೋಗಬೇಕಾದರೆ ಮೇಲೇರಲೇಬೇಕು. ಮೇಲೇರಿದಂತೆ ತಣ್ಣಗಾಗುತ್ತದೆ, ತಣ್ಣಗಾದ ಗಾಳಿಗೆ ಅಷ್ಟು ಆವಿ ಹಿಡಿದಿಡಲು ಆಗುವುದಿಲ್ಲ, ಅಲ್ಲೇ ಸುರಿದುಬಿಡುತ್ತದೆ. ನಿಮ್ಮಜ್ಜಿ ಒಗೆದ ಸೀರೆಯನ್ನು ಹಿಂಡಿ ಹಗ್ಗಕ್ಕೆ ಹಾಕುತ್ತಾರಲ್ಲ, ಹಾಗೆ ಘಟ್ಟ ಗಾಳಿಯನ್ನು ಹಿಂಡಿ ಆಚೆ ಕಳಿಸುತ್ತದೆ. ಆಚೆ ಇಳಿಯುವ ಗಾಳಿ ಮತ್ತೆ ಬಿಸಿಯಾಗುತ್ತದೆ. ಒಣ ಗಾಳಿ ಒಂದು ಕಿಲೋಮೀಟರ್ ಇಳಿದರೆ ಸುಮಾರು ಹತ್ತು ಡಿಗ್ರಿ ಏರುತ್ತದೆ. ಬಿಸಿಯಾದ ಗಾಳಿ ಮಳೆ ಕೊಡುವುದು ಹಾಗಿರಲಿ, ನೆಲದಲ್ಲಿದ್ದ ತೇವವನ್ನೂ ಹೀರಿಕೊಳ್ಳುತ್ತದೆ. ಇದಕ್ಕೆ ಮಳೆ ನೆರಳು ಎನ್ನುತ್ತಾರೆ. ಒಳ್ಳೆಯ ಹೆಸರು, ಆದರೆ ಆ ನೆರಳಿನಲ್ಲಿ ತಂಪಿಲ್ಲ.

ಜೂನ್, ಜುಲೈನಲ್ಲಿ ಚಳ್ಳಕೆರೆಯ ಆಕಾಶ ನೋಡಬೇಕು ನೀವು. ಮೋಡಗಳು ಪಶ್ಚಿಮದಿಂದ ಪೂರ್ವಕ್ಕೆ ದಂಡೆತ್ತಿ ಹೋಗುವಂತೆ ಓಡುತ್ತಿರುತ್ತವೆ. ಗಾಳಿ ಜೋರು. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಹನಿ ಮಾತ್ರ ಇಲ್ಲ. ಬಂದರೂ ಧೂಳು ಕೂರುವಷ್ಟು. ನಮ್ಮ ಶಾಖೆಗೆ ಬರುತ್ತಿದ್ದ ರೈತರೊಬ್ಬರು ಬಾಗಿಲಲ್ಲಿ ನಿಂತು ಮೇಲೆ ನೋಡಿ, "ಬೀಗರು ಮನೆ ಮುಂದೇ ಹೋಗ್ತಾವ್ರೆ, ಒಳಕ್ಕೆ ಬರಾಕಿಲ್ಲ" ಎನ್ನುತ್ತಿದ್ದರು.

ಆ ನಾಡಿಗೆ ಮಳೆ ಬರುವುದು ಹಿಂದುಮುಂದಾಗಿ. ಮೇ ತಿಂಗಳಲ್ಲಿ ಗುಡುಗು ಸಿಡಿಲಿನೊಂದಿಗೆ ಒಂದಷ್ಟು. ಭರಣಿ ಮಳೆ ಬಂದರೆ ಧರಣಿ ಬದುಕೀತು ಎಂಬ ಗಾದೆ ಸೂರ್ಯ ಭರಣಿ ನಕ್ಷತ್ರದಲ್ಲಿರುವ ಏಪ್ರಿಲ್ ಕೊನೆ, ಮೇ ಮೊದಲ ವಾರಗಳ ಮಾತು. ಆಮೇಲೆ ದೊಡ್ಡ ಬಿಡುವು. ಮತ್ತೆ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಎನ್ನುವ ಸೆಪ್ಟೆಂಬರ್, ಅಕ್ಟೋಬರ್ ಮಳೆಗಳು. ಪಶ್ಚಿಮದ ಗಾಳಿ ಸೋತು, ಬಂಗಾಳ ಕೊಲ್ಲಿಯ ಕಡೆಯಿಂದ ತೇವ ಬರತೊಡಗಿದಾಗ ಆ ನೆಲಕ್ಕೆ ನಿಜವಾದ ಮಳೆಗಾಲ. ಕರಾವಳಿಯವರು ಕೊಡೆ ಮಡಚಿಡುವ ಹೊತ್ತಿಗೆ ಅಲ್ಲಿ ಕೆರೆಗೆ ನೀರು ಬರುತ್ತದೆ, ಬರುವುದಿದ್ದರೆ.

ಬರುವುದಿದ್ದರೆ ಎಂಬ ಈ ಮಾತಿನಲ್ಲೇ ಆ ಸೀಮೆಯ ಹವೆಯೆಲ್ಲ ಇದೆ. ಇದನ್ನು ನಾನು ಕಲಿತದ್ದು ಬೆಳೆಸಾಲದ ಲೆಡ್ಜರಿನಿಂದ. ನಾನು ಓದಿದ್ದು ಬಿ.ಕಾಂ., ಹವಾಮಾನ ನನ್ನ ವಿಷಯವಲ್ಲ. ಆದರೆ ಶೇಂಗಾ ಬೆಳೆಯುವ ಊರಿನ ಬ್ಯಾಂಕಿನಲ್ಲಿ ಹವಾಮಾನ ಗೊತ್ತಾಗದೆ ಗುಮಾಸ್ತಿಕೆ ನಡೆಯುವುದಿಲ್ಲ. ಚಳ್ಳಕೆರೆಗೆ ಎಣ್ಣೆ ನಗರ ಎಂದೇ ಹೆಸರು. ಗಿರಣಿಗಳ ಬೀದಿಯಲ್ಲಿ ನಡೆದರೆ ಬಟ್ಟೆಗೆಲ್ಲ ಹಿಂಡಿಯ ವಾಸನೆ ಮೆತ್ತಿಕೊಳ್ಳುತ್ತಿತ್ತು. ಆ ಗಿರಣಿ ತಿರುಗಬೇಕಾದರೆ ಶೇಂಗಾ ಬರಬೇಕು, ಶೇಂಗಾ ಬಂದರೆ ಸಾಲ ವಾಪಸ್ಸು.

ಒಂದು ವರ್ಷ ತಾಲ್ಲೂಕಿನ ಒಟ್ಟು ಮಳೆ ಸರಾಸರಿಗೆ ಸಮ ಬಂದಿತ್ತು. ಮೇಲಿನ ಕಚೇರಿಯಿಂದ ಕಾಗದ ಬಂತು: ಮಳೆ ಸರಿಯಾಗಿ ಆಗಿದೆ, ವಸೂಲಿ ಯಾಕಿಲ್ಲ? ಕೌಂಟರಿನ ಆಚೆ ನಿಂತವರ ಮುಖ ನೋಡಿದ್ದ ನಮಗೆ ಉತ್ತರ ಗೊತ್ತಿತ್ತು. ಬಿತ್ತಿದ ಮೇಲೆ ಒಂದು ತಿಂಗಳಿಗೂ ಮೀರಿ ಹನಿ ಬಿದ್ದಿರಲಿಲ್ಲ. ಆಮೇಲೆ ನಾಲ್ಕೈದು ದಿನದಲ್ಲಿ ಎಲ್ಲವೂ ಒಟ್ಟಿಗೆ ಸುರಿದು ಹಳ್ಳದಲ್ಲಿ ಹರಿದುಹೋಗಿತ್ತು. ಕಾಗದದ ಮೇಲೆ ಜಮಾ ಆಗಿತ್ತು, ಗಿಡದ ಬುಡಕ್ಕೆ ಆಗಿರಲಿಲ್ಲ.

ಶೇಂಗಾ ಹೇಗೆ ಕಾಯಿ ಕಟ್ಟುತ್ತದೆ ಎಂದು ನೋಡಿದ್ದೀರಾ? ಹೂವು ಬಿಡುವುದು ನೆಲದ ಮೇಲೆ. ಹೂವು ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಕಡ್ಡಿಯೊಂದು ಕೆಳಮುಖವಾಗಿ ಬೆಳೆದು ಮಣ್ಣೊಳಗೆ ಇಳಿಯುತ್ತದೆ. ಅದರ ತುದಿಯೇ ಕಾಯಿ. ಆ ದಿನಗಳಲ್ಲಿ ನೆಲ ಮೆತ್ತಗಿರಬೇಕು. ಕೆಂಪು ಮಣ್ಣು ಒಣಗಿತೆಂದರೆ ಗಾರೆಯಂತೆ ಗಟ್ಟಿ. ಸೂಜಿ ಇಳಿಯುವುದೇ ಇಲ್ಲ. ಆಮೇಲೆ ಎಷ್ಟೇ ಮಳೆ ಬಂದರೂ ಸೊಪ್ಪು ಬರುತ್ತದೆ, ಕಾಯಿ ಬರುವುದಿಲ್ಲ.

ದೊಡ್ಡವರಿಗೆ ನೆನಪಿರಬಹುದು, ಉಳಿತಾಯ ಖಾತೆಗೆ ಹಿಂದೆ ನಾವು ಬಡ್ಡಿ ಹೇಗೆ ಕಟ್ಟುತ್ತಿದ್ದೆವು ಎಂದು. ತಿಂಗಳ ಹತ್ತನೇ ತಾರೀಕಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತ ಯಾವುದೋ ಅದಕ್ಕೆ ಮಾತ್ರ ಬಡ್ಡಿ. ಇಪ್ಪತ್ತು ದಿನ ಹತ್ತು ಸಾವಿರ ಇದ್ದು, ಒಂದೇ ದಿನ ನೂರು ರೂಪಾಯಿಗೆ ಇಳಿದಿದ್ದರೂ ಬಡ್ಡಿ ನೂರಕ್ಕೇ. ಗಿರಾಕಿಗಳು ಬೈಯುತ್ತಿದ್ದರು, ಬೈಯುವುದು ನ್ಯಾಯವೂ ಆಗಿತ್ತು. 2010ರ ಏಪ್ರಿಲ್ 1ರಿಂದ ಆ ನಿಯಮ ಹೋಗಿ ದಿನದಿನದ ಬಾಕಿಯ ಮೇಲೆ ಬಡ್ಡಿ ಬಂತು. ಆದರೆ ಶೇಂಗಾ ಗಿಡ ಇವತ್ತಿಗೂ ಹಳೆಯ ನಿಯಮವನ್ನೇ ನಡೆಸುತ್ತಿದೆ. ನಿಮ್ಮ ಸರಾಸರಿ ಅದಕ್ಕೆ ಬೇಡ, ನಡುವೆ ಎಷ್ಟು ಕೆಳಗಿಳಿದಿರಿ ಎಂಬುದೊಂದೇ ಅದಕ್ಕೆ ಲೆಕ್ಕ.

ಆದ್ದರಿಂದ ಒಳನಾಡಿನ ಹವೆಯ ಬಗ್ಗೆ ಯಾರಾದರೂ ಒಂದೇ ಅಂಕಿ ಹೇಳಿದರೆ ನಾನು ಎರಡನೆಯದನ್ನು ಕೇಳುತ್ತೇನೆ: ಎಷ್ಟು ದಿನದಲ್ಲಿ ಬಂತು? ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದರೆ ಮಾತ್ರ ಅದು ಮಳೆಯ ದಿನ. ಅಂಥ ದಿನ ಚಳ್ಳಕೆರೆಗೆ ವರ್ಷಕ್ಕೆ ಮೂವತ್ತು, ಹೆಚ್ಚೆಂದರೆ ನಲವತ್ತು. ಉಳಿದ ಮುನ್ನೂರಿಪ್ಪತ್ತೈದು ದಿನ ಖರ್ಚಿನ ದಿನಗಳು. ಆ ಬಿಸಿಲು, ಆ ಗಾಳಿ ವರ್ಷಕ್ಕೆ 1,500 ಮಿಲಿಮೀಟರಿಗಿಂತ ಹೆಚ್ಚು ನೀರನ್ನು ಆವಿ ಮಾಡಬಲ್ಲವು. ಜಮಾ 450, ಖರ್ಚಿಗೆ ಅವಕಾಶ 1,500. ಇಂಥ ಖಾತೆ ಹೊತ್ತು ಯಾರಾದರೂ ನಮ್ಮ ಶಾಖೆಗೆ ಬಂದಿದ್ದರೆ ಮ್ಯಾನೇಜರರು ಚಹಾ ಕೊಟ್ಟು ಕಳಿಸುತ್ತಿದ್ದರು.

ಹಿಂದಿನವರು ಈ ಖಾತೆಯನ್ನು ಹೇಗೋ ತೂಗಿಸಿದ್ದರು. ಊರಿನ ಹೆಸರಿನಲ್ಲೇ ಕೆರೆ ಇದೆ ನೋಡಿ, ಚಳ್ಳಕೆರೆ, ಹೊಳಲ್ಕೆರೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ಕಟ್ಟಿಸಿದರೆಂದು ಜನ ಇಂದಿಗೂ ನೆನೆಯುತ್ತಾರೆ. 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ಅವರ ಮಾತು ಆ ಸೀಮೆಯಲ್ಲಿ ಮನೆಮಾತು. ಹೊಲದಲ್ಲಿ ಒಂದೇ ಬೆಳೆ ಇಡುತ್ತಿರಲಿಲ್ಲ. ಸಜ್ಜೆ, ನವಣೆ, ಹುರುಳಿ, ತೊಗರಿ ಎಂದು ಸಾಲು ಬಿತ್ತುತ್ತಿದ್ದರು. ಒಂದು ಹೋದರೆ ಒಂದು ಉಳಿಯಲಿ ಎಂದು. ಕುರಿ ಇತ್ತು. ಅಮೃತಮಹಲ್ ದನಗಳಿಗೆಂದು ಬಿಟ್ಟ ಹುಲ್ಲುಗಾವಲು ಕಾವಲುಗಳಿದ್ದವು. ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ಮೈಸೂರಿನ ಒಡೆಯರು ವೇದಾವತಿಗೆ ಅಡ್ಡಲಾಗಿ ಅಣೆಕಟ್ಟು ಕಟ್ಟಿಸಿದರು. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಅದೇ ವಾಣಿವಿಲಾಸ ಸಾಗರ.

ಈಗ ನನ್ನ ಅಕ್ಕನ ಮಗನ ವಿಷಯ. ಅವನಿಗೆ ಪರಶುರಾಂಪುರದ ಕಡೆ ನಾಲ್ಕೆಕರೆ ಇದೆ. ಅದು ಶೇಂಗಾ, ಸಜ್ಜೆ ಬೆಳೆದ ಹೊಲ. 2022ರಲ್ಲಿ ಮಳೆ ಜೋರಾಗಿ ಬಂತು. ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಅದಕ್ಕೆ ಮೊದಲು ಕೋಡಿ ಬಿದ್ದದ್ದು 1933ರಲ್ಲಿ! 89 ವರ್ಷ ಕಾದ ಜನ ಬಸ್ಸು, ಟ್ರ್ಯಾಕ್ಟರ್ ಹತ್ತಿ ನೋಡಲು ಹೋದರು. ನಾನೂ ಹೋಗಿದ್ದೆ. ಮುದುಕರು ಕಣ್ಣೊರೆಸಿಕೊಳ್ಳುತ್ತಿದ್ದರು. ಆ ನೋಟವನ್ನು ನಾನು ಹಗುರಾಗಿ ಕಾಣುವವನಲ್ಲ.

ಆ ದೀಪಾವಳಿಗೆ ಅವನು ನಮ್ಮ ಮನೆಗೆ ಬಂದ. ಊಟ ಆದ ಮೇಲೆ ವಿಷಯ ತೆಗೆದ. "ಮಾವ, ಎಲ್ಲಾರೂ ಅಡಿಕೆ ಹಾಕ್ತಾವ್ರೆ. ಡ್ಯಾಮ್ ತುಂಬೈತೆ, ನಮ್ಮ ಬೋರಾಗೂ ನೀರು ಮೇಲಕ್ಕೆ ಬಂದೈತೆ. ಕಾಲ ಬದಲಾಗೈತೆ. ಮೂರೆಕರೆಗೂ ಅಡಿಕೆ ಇಡಾನ ಅಂತಿದೀನಿ. ಸಾಲಕ್ಕೆ ಏನೇನು ಕಾಗದ ಬೇಕು, ನೀವೇ ಹೇಳಬೇಕು."

ಕಾಗದ ಹೇಳಿಕೊಟ್ಟೆ. ಬ್ಯಾಂಕಿನವನಲ್ಲವೇ, ಅದು ಬಾಯಿಗೆ ತಾನೇ ಬರುತ್ತದೆ. ಆಮೇಲೆ ಒಂದು ಹಾಳೆ ತರಲು ಹೇಳಿದೆ. ಅವನ ಮಗಳು, ಆಗ ಐದನೇ ತರಗತಿ, ತನ್ನ ಗಣಿತದ ಪುಸ್ತಕದಿಂದಲೇ ಹರಿದು ಕೊಟ್ಟಳು. ಮಕ್ಕಳೇ, ಈ ಲೆಕ್ಕ ನೀವೂ ಮಾಡಿ.

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ಒಂದು ಎಕರೆ ಎಂದರೆ 4,047 ಚದರ ಮೀಟರ್. ವರ್ಷದ 450 ಮಿಲಿಮೀಟರಿಗೆ ಗುಣಿಸಿದರೆ 18 ಲಕ್ಷದ 21 ಸಾವಿರ ಲೀಟರ್. ಒಂದು ಎಕರೆಗೆ ಆಕಾಶ ಕೊಡುವ ವರ್ಷದ ಸಂಬಳ ಇಷ್ಟು. ಇನ್ನು ಅಡಿಕೆ. ಒಂಬತ್ತು ಅಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 550 ಗಿಡ. ಫಸಲಿಗೆ ಬಂದ ಮರಕ್ಕೆ ಹನಿ ನೀರಾವರಿಯಲ್ಲಿ ಬೇಸಿಗೆಯ ದಿನಕ್ಕೆ 16ರಿಂದ 20 ಲೀಟರ್ ಬೇಕೆಂದು ತಜ್ಞರು ಹೇಳುತ್ತಾರೆ. 18 ಎಂದಿಟ್ಟುಕೊಳ್ಳೋಣ. ದಿನಕ್ಕೆ 9,900 ಲೀಟರ್. ಡಿಸೆಂಬರಿನಿಂದ ಮೇ ತನಕ 180 ದಿನಕ್ಕೆ 17 ಲಕ್ಷದ 82 ಸಾವಿರ.

ಹುಡುಗಿ ಎರಡು ಅಂಕಿಗಳನ್ನೂ ಒಂದರ ಕೆಳಗೊಂದು ಬರೆದು ಕಳೆದಳು. "ಮೂವತ್ತೊಂಬತ್ತು ಸಾವಿರ ಉಳೀತೈತೆ ತಾತ."

ಉಳಿಯುವುದಿಲ್ಲ. ಬಿದ್ದ ಮಳೆಯೆಲ್ಲ ನೆಲಕ್ಕಿಳಿದು ಬೋರಿಗೆ ಸೇರುವುದಿಲ್ಲ. ಹೆಚ್ಚಿನ ಪಾಲು ಆವಿಯಾಗುತ್ತದೆ, ಒಂದಷ್ಟು ಹಳ್ಳಕ್ಕೆ ಹರಿಯುತ್ತದೆ, ಸ್ವಲ್ಪವೇ ಕೆಳಗೆ ಹೋಗುತ್ತದೆ. ಜೂನ್, ಜುಲೈನಲ್ಲಿ ಅಲ್ಲಿ ಮಳೆಯಿಲ್ಲವಾದ್ದರಿಂದ ಆಗಲೂ ನೀರು ಬಿಡಲೇಬೇಕು, ಅದನ್ನು ನಾವು ಲೆಕ್ಕಕ್ಕೇ ಹಿಡಿದಿಲ್ಲ. ಅಂದರೆ ಆ ಮೂರೆಕರೆ ಅಡಿಕೆ ಬದುಕುವುದು ತನ್ನ ಮೇಲೆ ಬಿದ್ದ ಮಳೆಯಿಂದಲ್ಲ, ಸುತ್ತಲಿನ ಹತ್ತಾರು ಹೊಲಗಳ ಕೆಳಗಿದ್ದ, ಎಷ್ಟೋ ವರ್ಷಗಳಿಂದ ಕೂಡಿಟ್ಟ ನೀರಿನಿಂದ. ಠೇವಣಿ ಮುರಿದು ಮನೆ ಖರ್ಚು ನಡೆಸಿದ ಹಾಗೆ. ಆ ಠೇವಣಿ ಜಂಟಿ ಖಾತೆಯಲ್ಲಿದೆ ಬೇರೆ, ಯಾರು ಮೊದಲು ಆಳಕ್ಕೆ ಕೊರೆಸಿದರೋ ಅವರ ಸಹಿಗೆ ಹಣ ಸಿಗುತ್ತದೆ. ಮಲೆನಾಡಿನವರೂ ಬೇಸಿಗೆಯಲ್ಲಿ ನೀರು ಬಿಡುತ್ತಾರೆ, ಆದರೆ ಅವರ ಖಾತೆಗೆ ಮಳೆಗಾಲದಲ್ಲಿ ಎಷ್ಟೋ ಪಟ್ಟು ಜಮಾ ಆಗುತ್ತದೆ.

"ಹಂಗಾದ್ರೆ ಡ್ಯಾಮ್ ತುಂಬಿದ್ದು ಸುಳ್ಳಾ ಮಾವ?" ಎಂದ. ಸುಳ್ಳಲ್ಲ. ಆದರೆ ಅಲ್ಲಿ ತುಂಬಿದ ನೀರೆಲ್ಲ ಆ ನೆಲದ ಮಳೆಯದೇ ಅಲ್ಲ. 2019ರಿಂದ ಭದ್ರಾ ನದಿಯ ನೀರನ್ನು ಮೇಲೆತ್ತಿ ಸುರಂಗದ ಮೂಲಕ ಆ ಕಡೆ ಹರಿಸುತ್ತಿದ್ದಾರೆ. ನೀರು ಬಂದದ್ದು ಸಂತೋಷವೇ. ನೀರು ಬಂತೆಂದು ಹವೆ ಬದಲಾಯಿತೆನ್ನಲು ಬರುವುದಿಲ್ಲ. ಮಗ ಅಮೆರಿಕದಿಂದ ಹಣ ಕಳಿಸಿದರೆ ಅಪ್ಪನ ಪಿಂಚಣಿ ಏರಿದಂತಾಗುತ್ತದೆಯೇ? ಇನ್ನೊಂದು ಮಾತೂ ಹೇಳಿದೆ. ಹವಾಮಾನ ತಜ್ಞರು ಒಂದು ಊರಿನ ಹವೆ ಹೀಗೆ ಎಂದು ಹೇಳಬೇಕಾದರೆ ಕನಿಷ್ಠ 30 ವರ್ಷದ ಲೆಕ್ಕ ನೋಡುತ್ತಾರೆ. 2022 ಅದರಲ್ಲಿ ಒಂದು ಸಾಲು, ದಪ್ಪ ಅಕ್ಷರದ ಸಾಲು ಬೇಕಾದರೆ ಅನ್ನು.

ಕಾಲ ಬದಲಾಗಿಲ್ಲ ಎಂದೂ ನಾನು ಹೇಳಲಿಲ್ಲ. ಭೂಮಿ ಬಿಸಿಯಾಗುತ್ತಿರುವುದು ಅಳೆದು ನೋಡಿದ ಸಂಗತಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇಕಡ 7ರಷ್ಟು ಹೆಚ್ಚು ಆವಿ ಹಿಡಿದಿಡಬಲ್ಲದು. ಹಾಗಾದರೆ ಸುರಿಯುವಾಗ ಒಮ್ಮೆಗೇ ಜೋರಾಗಿ ಸುರಿಯುತ್ತದೆ, ಬಿಸಿಲಿನ ದಿನಗಳಲ್ಲಿ ನೆಲದಿಂದ ಹೆಚ್ಚು ಹೀರುತ್ತದೆ. ಶೇಂಗಾದ ಸೂಜಿಗೂ ಇದು ಒಳ್ಳೆಯ ಸುದ್ದಿಯಲ್ಲ, ಅಡಿಕೆಯ ಬೇರಿಗೂ ಅಲ್ಲ.

ಅವನು ಮಾತಾಡದೆ ಎಲೆ ಅಡಿಕೆ ಹಾಕಿಕೊಂಡ. ಕೈಯಲ್ಲಿದ್ದ ಅಡಿಕೆಯ ಹೋಳನ್ನು ಒಮ್ಮೆ ತಿರುಗಿಸಿ ನೋಡಿ ನಕ್ಕ. ಹೆಂಡತಿಯನ್ನು ಕೇಳಿ ತೀರ್ಮಾನ ಮಾಡುತ್ತೇನೆ ಎಂದು ಹೊರಟ. ತೀರ್ಮಾನ ಮಾಡಿದ್ದೂ ಅವಳೇ: ಅರ್ಧ ಎಕರೆಗೆ ಮಾತ್ರ ಅಡಿಕೆ, ಉಳಿದದ್ದು ಮೊದಲಿನಂತೆ ಶೇಂಗಾ, ಸಾಲು ತೊಗರಿ, ಬದುವಿಗೆ ಹುಣಸೆ. ಪಕ್ಕದ ಹೊಲದವರು ಮೂರೆಕರೆಗೂ ಅಡಿಕೆ ಇಟ್ಟರು.

ಮರುವರ್ಷವೇ 2023. ಆ ಆಗಸ್ಟ್ ತಿಂಗಳು ಇಡೀ ದೇಶಕ್ಕೆ 1901ರಿಂದೀಚೆಗಿನ ಅತಿ ಒಣ ಆಗಸ್ಟ್. ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. 2024ರ ಬೇಸಿಗೆಗೆ ಅವನ ಬೋರು ದಿನಕ್ಕೆ ಎರಡು ಗಂಟೆ ಓಡುವ ಹೊತ್ತಿಗೆ ಗಾಳಿ ಉಗುಳತೊಡಗಿತು. ಸಸಿಗಳು ಎಳೆಯವು, ದೊಡ್ಡ ಮರದಷ್ಟು ನೀರು ಬೇಡ. ಆದರೂ ಬಿಸಿಲಿಗೆ ಗರಿ ಸುಟ್ಟವು. ತೆಂಗಿನ ಗರಿ ಹೊದಿಸಿ, ರಾತ್ರಿ ಕರೆಂಟ್ ಬಂದಾಗ ಎದ್ದು, ಅರ್ಧ ಎಕರೆಯನ್ನು ಉಳಿಸಿಕೊಂಡರು. ಪಕ್ಕದವರು ಟ್ಯಾಂಕರ್ ನೀರು ಕೊಂಡರು, ಮತ್ತೊಂದು ಬೋರು ಕೊರೆಸಿದರು, ಮೂರರಲ್ಲಿ ಒಂದು ಎಕರೆ ಒಣಗಿತು. 2025ರ ಜನವರಿಯಲ್ಲಿ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿತ್ತು. ಆ ಹಿರಿಯರು ನನ್ನ ಅಳಿಯನಿಗೆ, "ನೋಡಪ್ಪ, ನಾ ಏಳ್ಲಿಲ್ವಾ?" ಎಂದರಂತೆ. ಅಡಿಕೆಯ ಬೆಲೆ ಹೀಗೇ ಇದ್ದರೆ ಉಳಿದ ಎರಡೆಕರೆಯಲ್ಲಿ ಅವರು ಗೆದ್ದರೂ ಗೆಲ್ಲಬಹುದು. ನಾನು ಜ್ಯೋತಿಷಿಯಲ್ಲ. ಮೊನ್ನೆ ನನ್ನ ಅಳಿಯ ಫೋನ್ ಮಾಡಿದ್ದೂ ಇದೇ ವಿಷಯಕ್ಕೆ: ಇನ್ನೂ ಒಂದು ಎಕರೆಗೆ ಇಡಲೇ?

ಈ ಸಲ ನಾನು ಹಾಳೆ ಕೇಳಬೇಕಾಗಲಿಲ್ಲ. ಅವನ ಮಗಳೇ ಒಂದು ನೋಟ್‌ಬುಕ್ಕು ಇಟ್ಟಿದ್ದಾಳೆ. ಅದರ ಕತೆ ನಿಮಗೆಲ್ಲ ಉಪಯೋಗಕ್ಕೆ ಬರುತ್ತದೆ. ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ ಹಳೆಯ ಡಬ್ಬ, ಒಂದು ಸ್ಕೇಲು, ಇಷ್ಟು ಸಾಕು. ಗೋಡೆ, ಮರದಿಂದ ದೂರ ಬಯಲಿನಲ್ಲಿ, ಗಾಳಿಗೆ ಬೀಳದಂತೆ ಎರಡು ಇಟ್ಟಿಗೆ ಒತ್ತಿಟ್ಟು ಡಬ್ಬ ಇಡುವುದು. ಹವಾಮಾನ ಇಲಾಖೆಯವರು ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತಾರೆ, ಅವಳೂ ಶಾಲೆಗೆ ಹೊರಡುವ ಮುಂಚೆ ಅಷ್ಟು ಹೊತ್ತಿಗೇ ಅಳೆಯುತ್ತಾಳೆ. ಅಳೆದು, ಬರೆದು, ನೀರು ಚೆಲ್ಲಿ, ಡಬ್ಬ ಮತ್ತೆ ಅಲ್ಲೇ. ಈಗ ಗ್ರಾಮ ಪಂಚಾಯಿತಿಗೊಂದರಂತೆ ತಾನೇ ಅಳೆದು ಸುದ್ದಿ ಕಳಿಸುವ ಮಳೆಮಾಪಕಗಳನ್ನು ರಾಜ್ಯದಲ್ಲಿ ಹಾಕಿದ್ದಾರೆ. ಅದೇ ಚಳ್ಳಕೆರೆ ತಾಲ್ಲೂಕಿನಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಹವಾಮಾನದ ವೀಕ್ಷಣಾಲಯವೇ ಇದೆ. ಹಾಗಿದ್ದೂ ಪಂಚಾಯಿತಿ ಕಟ್ಟಡದ ಮೇಲೆ ಬಿದ್ದ ಮಳೆ ಎರಡು ಮೈಲಿ ಆಚೆಯ ಇವರ ಹೊಲಕ್ಕೆ ಬೀಳದ ದಿನಗಳು ಎಷ್ಟೋ ಇವೆ. ಅಲ್ಲಿ ಮಳೆ ಎತ್ತಿನ ಒಂದು ಕೊಂಬು ನೆನೆಸಿ ಇನ್ನೊಂದನ್ನು ಬಿಡುತ್ತದೆ ಎಂದು ತಮಾಷೆ ಮಾಡುತ್ತಾರೆ.

ಹುಡುಗಿಯ ಪುಸ್ತಕದಲ್ಲಿ ಎರಡು ಮನೆಗಳಿವೆ. ಒಂದರಲ್ಲಿ ಎಷ್ಟು ಮಿಲಿಮೀಟರ್ ಎಂದಿದೆ. ಇನ್ನೊಂದನ್ನು ನಾನು ಹೇಳಿಕೊಟ್ಟದ್ದಲ್ಲ, ಅವಳೇ ಗೆರೆ ಎಳೆದದ್ದು: ಹೋದ ಮಳೆಯಿಂದ ಎಷ್ಟು ದಿನ. ನಾನು ಮೂವತ್ತೈದು ವರ್ಷ ಬಗೆಬಗೆಯ ರಿಜಿಸ್ಟರ್ ಬರೆದವನು, ಇಷ್ಟು ಸರಿಯಾದ ಕಾಲಂ ಯಾವುದರಲ್ಲೂ ನೋಡಿದ ನೆನಪಿಲ್ಲ.

"ಓದಿ ಹೇಳು" ಎಂದೆ ಫೋನಿನಲ್ಲಿ. ಅವಳು ಈ ವರ್ಷದ್ದನ್ನು ಓದುತ್ತ ಹೋದಳು. ಹದಿನಾಲ್ಕು ಮಿಲಿಮೀಟರ್, ಆರು ದಿನ. ಮೂರು ಮಿಲಿಮೀಟರ್, ಹನ್ನೊಂದು ದಿನ. ಇಪ್ಪತ್ತೆರಡು, ಇಪ್ಪತ್ತೇಳು ದಿನ. ಅಪ್ಪ ಪಕ್ಕದಲ್ಲೇ ನಿಂತು ಕೇಳುತ್ತಿದ್ದನೆಂದು ಅವನ ಕೆಮ್ಮಿನಿಂದ ಗೊತ್ತಾಯಿತು. ಆ ಇಪ್ಪತ್ತೇಳು ದಿನದ ಹತ್ತಿರ ಅವನು, "ಅದನ್ನ ಇನ್ನೊಂದ್ಸಲ ಓದವ್ವ" ಎಂದ.